ನನ್ನ ಬೆರಳಿನ ತಪ್ಪಿಗೆ ತಮ್ಮ ಸಹಿ

ಮಾನ್ಯ ಪೌರಾಯುಕ್ತರೇ,

ಕಳೆದ ವಾರ ತಾವು ಹೊರಡಿಸಿದ ಲಾಂಡ್ರಿ ನಿಯಮಗಳನ್ನು ಬರೆದವರು ತಾವಲ್ಲ. ಯಾರು ಬರೆದರೆಂದು ನನಗೆ ಗೊತ್ತು, ಏಕೆಂದರೆ ಅವನ್ನು ಟೈಪ್ ಮಾಡಿದವಳು ನಾನು. ತಮ್ಮ ಕಚೇರಿಯ ಎದುರು, ಜೆರಾಕ್ಸ್ ಯಂತ್ರದ ಪಕ್ಕ ಒಂದು ಕಂಪ್ಯೂಟರ್ ಇಟ್ಟುಕೊಂಡು ಹತ್ತೊಂಬತ್ತು ವರ್ಷದಿಂದ ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದೇನೆ. ಆ ಅರ್ಜಿಗಳು ರಸ್ತೆ ದಾಟಿ ತಮ್ಮ ಮೇಜು ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ಕರಡು ಮಾತ್ರ ಹದಿನಾರೇ ದಿನಕ್ಕೆ ಕಾನೂನಾಗಿ ನನ್ನ ಅಂಗಡಿಗೇ ವಾಪಸು ಬಂತು.

ತಂದವಳು ನನ್ನ ಅಕ್ಕ. ಅವಳೂ ಇನ್ನು ಆರು ಹೆಂಗಸರೂ ಸೇರಿ ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ಹೊದಿಕೆಗಳನ್ನು ಒಗೆದು, ಕುದಿಸಿ, ಬಯಲಿನಲ್ಲಿ ಹಗ್ಗ ಕಟ್ಟಿ ಒಣಗಿಸಿಕೊಡುತ್ತಾರೆ. ಶೆಡ್ಡಿನ ಬಾಗಿಲಿಗೆ ಅಂಟಿಸಿದ್ದ ನೋಟಿಸನ್ನು ಕಿತ್ತು, ಒದ್ದೆ ಕೈಯಲ್ಲೇ ಹಿಡಿದುಕೊಂಡು ಬಂದಿದ್ದಳು.

"ಪುಟ್ಟಿ, ಇದೇನೇ ಬರ್ದಿದಾರೆ ನೋಡು. ಬಟ್ಟೇನ ಬಯಲಲ್ಲಿ ಒರಗಿಸಬಾರದಂತೆ. ಬಟ್ಟೇನ ಯಾರಾದ್ರೂ ಒರಗಿಸ್ತಾರಾ? ಅದಕ್ಕೇನು ಸುಸ್ತಾಗಿರುತ್ತಾ?"

ನೋಡಿದೆ. 'ಆಸ್ಪತ್ರೆಯ ಬಟ್ಟೆಗಳನ್ನು ತೆರೆದ ಬಯಲಿನಲ್ಲಿ ಒರಗಿಸತಕ್ಕದ್ದಲ್ಲ.' ಅದು ನನ್ನ ತಪ್ಪು. ಒಣಗಿಸತಕ್ಕದ್ದಲ್ಲ ಎಂದಿರಬೇಕಿತ್ತು. ಆ ದಿನ ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದೆ, ಗೋಡೆಗೊಮ್ಮೆ ಒರಗಿದರೆ ಸಾಕೆನಿಸಿತ್ತು. ಬೆರಳು ಹಾಳೆಯಲ್ಲಿದ್ದದ್ದನ್ನು ಬಿಟ್ಟು ಮನಸ್ಸಿನಲ್ಲಿದ್ದದ್ದನ್ನು ಹೊಡೆದಿತ್ತು. ಪರೀಕ್ಷೆಯಲ್ಲಿ ನಕಲು ಹೊಡೆಯುವವರೂ ಪಕ್ಕದವನ ತಪ್ಪು ಕಂಡರೆ ತಿದ್ದಿಕೊಂಡು ಬರೆಯುತ್ತಾರೆ, ಸ್ವಾಮಿ. ತಾವು ಅಷ್ಟೂ ಮಾಡಲಿಲ್ಲ.

ಬರೆಸಿದವರು ಒಂದು ದೊಡ್ಡ ಯಂತ್ರ ಲಾಂಡ್ರಿ ಕಂಪನಿಯಲ್ಲಿ 'ಸರ್ಕಾರಿ ಸಂಪರ್ಕ' ನೋಡಿಕೊಳ್ಳುವ ಸಾಹೇಬರು. ಹೀಗೊಂದು ಹುದ್ದೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ನಮಗೆಲ್ಲ ಸರ್ಕಾರದ ಸಂಪರ್ಕವೆಂದರೆ ಕ್ಯೂ. ಅವರ ಆಫೀಸಿನ ಪ್ರಿಂಟರ್ ಕೆಟ್ಟಿತ್ತು, ತಮ್ಮ ಭೇಟಿಗೆ ಒಂದು ಗಂಟೆಯಷ್ಟೇ ಉಳಿದಿತ್ತು. ಕೈಬರಹದ ಹಾಳೆಗಳನ್ನು ಕೊಟ್ಟು, "ಎರಡು ಪ್ರತಿ ಮಾಡಿ ಅಮ್ಮಾ. ಒಂದು ಮೇಲಕ್ಕೆ, ಕೇಂದ್ರದ ಇಲಾಖೆಗೆ. ಇನ್ನೊಂದು ಇಲ್ಲಿಗೆ. ತಲೆಬರಹ ಬದಲಾಯಿಸಿದ್ರೆ ಆಯ್ತು" ಎಂದರು.

"ಒಂದ್ಸಲ ಓದಿ ನೋಡ್ತೀರಾ ಸಾರ್?"

"ಬೇಡ ಬೇಡ, ಅವರೇ ನೋಡ್ಕೋತಾರೆ."

ಬಯಲು ಹೋದರೆ ಉಳಿಯುವುದು ಯಂತ್ರ. ಆ ಯಂತ್ರ ಊರಿಗೆಲ್ಲ ಆ ಒಂದೇ ಕಂಪನಿಯಲ್ಲಿದೆ. ಬಿಸಿಲು ಶುಚಿಯಲ್ಲ ಎಂದು ತಮಗೆ ತಿಳಿಹೇಳಿದವರು ಬಿಸಿಲನ್ನು ಮಾರಲಾಗದವರು, ಅಷ್ಟೂ ಹೊಳೆಯಲಿಲ್ಲವೇ?

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ನಮ್ಮ ಕೆಲಸದಲ್ಲಿ ಅಕ್ಷರ ನೋಡುತ್ತೇವೆ, ಅರ್ಥ ನೋಡುವುದಿಲ್ಲ. ಜನರ ಗೋಳಿನ ಅರ್ಥ ನೋಡುತ್ತ ಕೂತರೆ ಕೈ ಓಡುವುದಿಲ್ಲ. ಹಾಗಾಗಿ ಒಡಹುಟ್ಟಿದವಳ ಅನ್ನ ಕಸಿಯುವ ಸಾಲನ್ನು ಕೈಯಾರೆ ಹೊಡೆದುಕೊಟ್ಟೆ. ನನಗೆ ನಾಚಿಕೆಯಾಗಿದೆ. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ನೋಟಿಸನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ನೀನು ಆಗಲ್ಲ ಅಂದಿದ್ರೆ ಪಕ್ಕದ ಅಂಗಡೀಲಿ ಮಾಡಿಸ್ತಿದ್ರು, ಬಿಡು" ಎಂದಳು. ತಮಗೂ ಹೀಗೆ ಸಮಾಧಾನ ಹೇಳುವವರು ಮನೆಯಲ್ಲಿರಬಹುದು.

ಇಬ್ಬರೂ ತಮ್ಮ ಕಚೇರಿಗೆ ಬಂದೆವು. "ಇದು ಮೇಲಿಂದ ಬಂದಿದ್ದಮ್ಮ, ನಮ್ಮ ಕೈಲೇನಿಲ್ಲ" ಎಂದರು ಗುಮಾಸ್ತರು. ಕೇಂದ್ರದ ಇಲಾಖೆಗೆ ಫೋನ್ ಮಾಡಿದರೆ ಅದು ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಂತೆ. ಅವರ ಸುತ್ತೋಲೆಯಲ್ಲೂ ಬಟ್ಟೆಗಳು ಒರಗಿಕೊಂಡೇ ಇವೆ. ಮೇಲಿನವರಿಗೂ ಕೆಳಗಿನವರಿಗೂ ಎಣ್ಣೆ ಸೀಗೆಕಾಯಿ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ನನ್ನ ಒಂದು ಅಕ್ಷರದೋಷದಲ್ಲಿ ಮಾತ್ರ ಇಬ್ಬರಿಗೂ ಸಂಪೂರ್ಣ ಒಮ್ಮತ. ನೋಟಿಸಿನ ಮೊದಲ ಸಾಲಿನಲ್ಲೇ 'ಸಂಬಂಧಪಟ್ಟ ಎಲ್ಲರೊಂದಿಗೂ ಸಮಾಲೋಚಿಸಿ' ಎಂದಿದೆ. ರಕ್ತದ ಕಲೆ ತಣ್ಣೀರಿಗೆ ಬಿಡುತ್ತದೆ, ಬಿಸಿನೀರಿಗೆ ಹಾಕಿದರೆ ಕೂತುಬಿಡುತ್ತದೆ ಎಂದು ಬಲ್ಲ ಏಳು ಹೆಂಗಸರು ಇದಕ್ಕೆ ಸಂಬಂಧಪಟ್ಟವರಲ್ಲವೇ? ಅವರ ಶೆಡ್ಡು ತಮ್ಮ ಕಚೇರಿಯಿಂದ ಹತ್ತು ನಿಮಿಷದ ನಡಿಗೆ.

ಬರುವ ಸೋಮವಾರ ಇನ್‌ಸ್ಪೆಕ್ಟರರು ಬರುತ್ತಾರಂತೆ, ನಿಯಮ ಮೀರಿದ್ದು ಕಂಡರೆ ಶೆಡ್ಡಿಗೆ ಬೀಗವಂತೆ. ಅದಕ್ಕೆ ಮೊದಲು ಈ ನಿಯಮವನ್ನು ಹಿಂತೆಗೆದುಕೊಳ್ಳಿ. ಆ ಏಳು ಜನರನ್ನು ಕರೆಸಿ, ಸಾಹೇಬರು ಕೂತ ಅದೇ ಕೋಣೆಯಲ್ಲಿ ಕೂರಿಸಿ, ಅವರ ಮಾತು ಕೇಳಿ. ಅದಾಗದಿದ್ದರೆ ಅಕ್ಷರವನ್ನಾದರೂ ತಿದ್ದಿ. ಆದರೆ ಒಂದಕ್ಷರ ತಿದ್ದಲೂ ಕರಡು ಪ್ರಕಟಿಸಿ ಮೂವತ್ತು ದಿನ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕೆಂದು ಹನ್ನೊಂದನೇ ಕಲಮು ಹೇಳುತ್ತದೆ. ನಾಳೆ ಯಾರೂ ಸುಲಭವಾಗಿ ಬದಲಿಸದಿರಲೆಂದು ಸಾಹೇಬರೇ ಸೇರಿಸಿದ ಕಲಮು ಅದು. ಅದನ್ನೂ ಟೈಪ್ ಮಾಡಿದ್ದು ನಾನೇ, ಅಲ್ಲಿ ತಪ್ಪಿಲ್ಲ. ನಮ್ಮ ಏಳು ಆಕ್ಷೇಪಣೆಗಳು ಸಿದ್ಧವಾಗಿವೆ.

ಅಲ್ಲಿಯವರೆಗೆ ತಮ್ಮ ಕಾನೂನನ್ನು ಅಕ್ಷರಶಃ ಪಾಲಿಸುತ್ತೇವೆ. ಸೋಮವಾರ ಇನ್‌ಸ್ಪೆಕ್ಟರರು ಬಂದು ನೋಡಲಿ. ಬಯಲಿನ ತುಂಬ ಇನ್ನೂರು ಹೊದಿಕೆಗಳು ಹಗ್ಗದ ಮೇಲೆ ಒಣಗುತ್ತಿರುತ್ತವೆ. ಒಂದೂ ಒರಗಿರುವುದಿಲ್ಲ.

ಇಂತಿ,
ತಮ್ಮ ಹಾಗೆಯೇ ಓದದೆ ಕೆಲಸ ಮುಗಿಸಿದ,
ಎದುರು ಅಂಗಡಿಯ ಟೈಪಿಸ್ಟ್