ಮೇಲೆ ನೋಡಿದರೆ ಹೌದು

ರೀ,

ಹಲ್ಲು ಕೀಳಿಸಲು ಹೊರಟಿದ್ದೇನೆ. ಬಂದ ಮೇಲೆ ಬಾಯಿ ತೆರೆಯಲು ಆಗುವುದಿಲ್ಲ, ಅದಕ್ಕೇ ಬೈಗುಳವನ್ನು ಈಗಲೇ ಬರೆದಿಟ್ಟಿದ್ದೇನೆ.

ಪಕ್ಕದ ಮನೆಯವಳು ಹೊಲಿಗೆ ಅಂಗಡಿಯಿಂದ ಬರುವುದು ಸಂಜೆಗೆ. ಅಲ್ಲಿಯವರೆಗೆ ಅವಳ ಮಗಳು ಗುಬ್ಬಿ ನಿಮ್ಮ ಪಾಲು. ಮಗುವಿಗೆ ನಡೆಯಲು, ಮಾತಾಡಲು ಬರುವುದಿಲ್ಲ ನಿಜ, ಆದರೆ ಕಿವಿ ನಿಮ್ಮದಕ್ಕಿಂತ ಚುರುಕಾಗಿದೆ. ಕಿರುಚಬೇಡಿ.

ಊಟ ಮೆತ್ತಗೆ ಕಲಸಿಟ್ಟಿದ್ದೇನೆ. ತಲೆ ಹಿಂದಕ್ಕೆ ವಾಲದಂತೆ ಕೂರಿಸಿ, ಸಣ್ಣ ಚಮಚದಲ್ಲಿ ತಿನ್ನಿಸಿ. ಪೇಪರ್ ಪಕ್ಕಕ್ಕಿಡಿ, ನೀವು ಓದದಿದ್ದರೆ ಪ್ರಪಂಚ ನಿಲ್ಲುವುದಿಲ್ಲ.

ಅವಳು ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಬೇಡ. ಇಡೀ ಬೀದಿಗೆ ಗೊತ್ತಿರುವ ಇದು ನಿಮ್ಮ ಘನ ತಲೆಗೆ ಮಾತ್ರ ಹೋಗಿಲ್ಲ. ಮೊನ್ನೆ "ಇನ್ನೂ ಬೇಕಾ?" ಅಂದಿರಿ, ಪಾಪ, ಮೇಲೆ ನೋಡಿದಳು. ನೀವು ಫ್ಯಾನ್ ಜೋರು ಮಾಡಿದಿರಿ. ಮತ್ತೆ ನೋಡಿದಳು, ಇನ್ನೂ ಜೋರು ಮಾಡಿದಿರಿ. ನಾನು ಬಂದಾಗ ಮಗು ಹಸಿದುಕೊಂಡು ನಡುಗುತ್ತಾ ಕೂತಿತ್ತು.

ಇವತ್ತು ನಿಮ್ಮಕ್ಕ ಬರುವಾಗ ಗುಬ್ಬಿಯನ್ನು ಒಳಕೋಣೆಯಲ್ಲಿ ಮಲಗಿಸು ಅಂದಿರಲ್ಲ, ಆ ಮಾತು ಇನ್ನೊಮ್ಮೆ ಬಂದರೆ ಒಳಕೋಣೆ ಸೇರುವವರು ನೀವು. "ಯಾರ ಮಗು ಇದು?" ಅಂತ ಅಕ್ಕ ಕೇಳಿದರೆ "ನಮ್ಮದೂ ಹೌದು" ಅನ್ನಿ. ನಾಲಿಗೆ ಸವೆಯುವುದಿಲ್ಲ.

ನಿನ್ನೆ ಗುಬ್ಬಿಯ ಮುಂದೆ ಕೂತು, "ಈ ಮನೇಲಿ ನಿಂಗೆ ಯಾರೇ ಇಷ್ಟ?" ಅಂತ ಕೇಳಿದೆ. ಹೊತ್ತು ಹೊತ್ತಿಗೆ ಉಣಿಸಿ, ತೊಳೆದು, ತಲೆ ಬಾಚುವ ನನ್ನನ್ನು ಬಿಟ್ಟು ನಿಮ್ಮ ಖಾಲಿ ಕುರ್ಚಿಯನ್ನೇ ನೋಡುತ್ತಾ ಕೂತಳು.

ಜನರನ್ನು ಅಳೆಯುವ ಬುದ್ಧಿ ಅವಳಿಗಿನ್ನೂ ಬಂದಿಲ್ಲ. ಬರುವುದರೊಳಗೆ ಮನುಷ್ಯರಾಗಿ.