ಹುಸೇನಸಾಬರ ಪದ ಎಲ್ಲಿಟ್ಟಿದ್ದೀರಿ, ಮಾನ್ಯರೇ?

ವಸ್ತುಸಂಗ್ರಹಾಲಯಗಳ ಮುಂಬರುವ ಕಾರ್ಯಕ್ರಮಗಳಿಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ಒಬ್ಬರ ದನಿ ನಿಮ್ಮ ಹತ್ತಿರ ಇದೆ. ಅದನ್ನು ಅವರಿಗೇ ಒಮ್ಮೆ ಕೇಳಿಸಲು ನಿಮಗೆ ಪುರುಸೊತ್ತಿಲ್ಲ. ಅರ್ಜಿ ಕೊಟ್ಟು, ಫೋನು ಮಾಡಿ, ಬಸ್ಸು ಹತ್ತಿ ಸಾಕಾಗಿ ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಅವರ ಹೆಸರು ಹುಸೇನಸಾಬ. ಊರು ಹಿರೇಬೆಂಡಿಗೇರಿ, ನನ್ನದೂ ಅದೇ. ಮೊಹರಂನಲ್ಲಿ ಮಸೂತಿಯ ಮುಂದೆ ಕರ್ಬಲಾದ ಕತೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ ಮೇಳಕ್ಕೆ ಅವರು ಮುಂದಾಳು. ಮೇಳದಲ್ಲಿ ಮುಸಲ್ಮಾನರೆಷ್ಟು, ಹಿಂದೂಗಳೆಷ್ಟು ಎಂದು ನಿಮ್ಮವರು ಬಂದು ಕೇಳುವವರೆಗೆ ನಾವ್ಯಾರೂ ಎಣಿಸಿರಲಿಲ್ಲ. ಹಾಡುವ ರೀತಿ ಹೀಗೆ: ಮುಂದಾಳು ನುಡಿ ಹೇಳುತ್ತಾನೆ, ಹಿಂದೆ ನಿಂತವರು ಪಲ್ಲವಿಯಿಂದ ಉತ್ತರ ಕೊಡುತ್ತಾರೆ. ಮುಂದಾಳು ಇರುವಾಗ ಅವನ ನುಡಿಯನ್ನು ಬೇರೆಯವರು ಬಾಯಿಗೆ ತರುವುದಿಲ್ಲ. ಅದು ಮೇಳದ ಮರ್ಯಾದೆ. ಹಾಗಾಗಿ ಮೀಸೆ ಮೂಡುವ ಮೊದಲೇ ಮೇಳಕ್ಕೆ ಸೇರಿ ಈಗ ಮೊಮ್ಮಕ್ಕಳನ್ನು ಕಂಡಿರುವ ಯಲ್ಲಪ್ಪನಿಗೂ ಬರುವುದು ಉತ್ತರ ಮಾತ್ರ.

ಕೆಲವು ವರ್ಷಗಳ ಹಿಂದೆ ನಿಮ್ಮ ಜೀಪು ಬಂತು. ಮೇಳವನ್ನು ಕರೆದೊಯ್ದು, ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆಯಲ್ಲಿ ಕೂರಿಸಿ, ಮೊಬೈಲುಗಳನ್ನು ಹೊರಗಿಡಿಸಿ, ಕಾಸಿಮನ ಮದುವೆಯ ಪದವನ್ನು ಪೂರಾ ಹಾಡಿಸಿಕೊಂಡಿರಿ. ರಣರಂಗದಲ್ಲಿ ಮದುಮಗನಾಗಿ, ಮೈಮೇಲಿನ ಅರಿಷಿಣ ಆರುವ ಮೊದಲೇ ಸತ್ತ ಹುಡುಗನ ಪದ ಅದು. ಶಾಲು ಹೊದಿಸಿ ಕಳಿಸಿದಿರಿ. ಮರುವರ್ಷ ಹುಸೇನಸಾಬರ ಗಂಟಲಲ್ಲಿ ಗಂಟು ಕಂಡಿತು. ಹುಬ್ಬಳ್ಳಿಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕುತ್ತಿಗೆಯ ತೂತಿನಿಂದ ಉಸಿರಾಡುತ್ತಾರೆ. ಅಕ್ಷರ ಬಾರದು, ಬರೆದು ಕೊಡಲಾರರು. ತುಟಿ ನೋಡಿ ಕಲಿಯಲು ಯಲ್ಲಪ್ಪ ಒಂದು ಬೇಸಿಗೆ ಪೂರ್ತಿ ಅವರೆದುರು ಕೂತ. ಅಲ್ಲೊಂದು ಇಲ್ಲೊಂದು ಮಾತು ಸಿಕ್ಕಿತು, ಧಾಟಿ ಸಿಗಲಿಲ್ಲ. ಮೊಹರಂನಲ್ಲಿ ನಾವು ಮೊಬೈಲುಗಳಲ್ಲಿ ಹಿಡಿದಿಟ್ಟದ್ದರಲ್ಲಿ ಕೇಳುವುದು ಬರೀ ಹಲಗಿಯ ಸದ್ದು. ರೋಗ ಮತ್ತೆ ತಿರುಗಿ ಬಂದಿದೆ. ಮೊಹರಂ ಹತ್ತಿರವಾಗಿದೆ.

ಆ ಪದದ ಒಂದು ಪ್ರತಿ ಕೊಡಿ ಎಂದು ನಿಮ್ಮ ಕಚೇರಿಗೆ ಫೋನು ಮಾಡಿದೆ. "ಕಲಾವಿದರೇ ಖುದ್ದಾಗಿ ಬಂದು ಮಾತಾಡಲಿ, ನೀವ್ಯಾರು ಮಧ್ಯೆ?" ಎಂದರು ನಿಮ್ಮ ಸಿಬ್ಬಂದಿ.

"ಅವರ ಮಾತು ನಿಮ್ಮ ಹತ್ರನ ಐತಲ್ರಿ," ಎಂದೆ. ಫೋನು ಇಟ್ಟರು.

ಅಷ್ಟರಲ್ಲಿ ನಿಮ್ಮ ಬಣ್ಣದ ಪ್ರಕಟಣೆ ಬಂತು. ಸಂಗ್ರಹಾಲಯಗಳೇ ನಮ್ಮ ಅಂಗಳಕ್ಕೆ ಬರುತ್ತವಂತೆ. ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು. ಮಕ್ಕಳಿಗೆ ಆಡೂರಿನ ಶಾಸನದ ಅಚ್ಚು ತೆಗೆಯುವ ಆಟ, ಹಳೆಯ ನಾಣ್ಯಗಳ ಜೊತೆ ಸೆಲ್ಫಿ, ರಂಗೋಲಿ ಸ್ಪರ್ಧೆ, ಕೊನೆಗೆ 'ಮರೆಯಾಗದ ದನಿಗಳು: ಹುಸೇನಸಾಬ ಮತ್ತು ಮೇಳ'. ಓದಿ ಹೇಳಿದೆ. ಹುಸೇನಸಾಬರು ಎದ್ದು ಹೋಗಿ ಇಸ್ತ್ರಿ ಮಾಡಿದ ಅಂಗಿ ತಂದು ನನ್ನ ಮುಂದೆ ಹಿಡಿದರು. ಯಾವಾಗ ಎಂದು ಅವರು ಈಗ ಕೇಳುವುದು ಹಾಗೆಯೇ.

ಶಿಗ್ಗಾಂವಿಯಲ್ಲಿ ಮುಖ್ಯ ಅತಿಥಿಗಳು ಬರಲಿಲ್ಲ. ಅತಿಥಿಗಳು ಬಾರದಿದ್ದರೆ ದನಿಯನ್ನು ಹೊರಗೆ ತೆಗೆಯಬಾರದೆಂಬ ನಿಯಮವಿದೆಯೇನು? ಮಧ್ಯಾಹ್ನದವರೆಗೆ ಕಾದೆವು. ಮೈಕಿನವನು ವೈರು ಸುತ್ತಿಕೊಂಡ.

ಸವಣೂರಿನಲ್ಲಿ ಅತಿಥಿಗಳು ಬಂದರು, ಧ್ವನಿಯಂತ್ರ ಬರಲಿಲ್ಲ. ಅದರ ಬದಲು ಹುಸೇನಸಾಬರ ಆಳೆತ್ತರದ ಭಾವಚಿತ್ರ ನಿಲ್ಲಿಸಿದ್ದಿರಿ. ಕೆಳಗೆ 'ದಿವಂಗತ' ಎಂದು ಬರೆದಿತ್ತು. ಹಾರವನ್ನೂ ಹಾಕಿದ್ದಿರಿ, ತಾಜಾ ಸೇವಂತಿಗೆ. ಮನುಷ್ಯ ಮೂರನೇ ಸಾಲಿನಲ್ಲಿ ಕೂತಿದ್ದರು.

"ಕಾಕಾ, ನಿಮ್ಮನ್ನ ಕಳಿಸೇ ಬಿಟ್ಟಾರ ನೋಡ್ರಿ," ಎಂದ ಯಲ್ಲಪ್ಪ. "ಬರ್ರಿ, ಸತ್ತಾವ್ರಿಗೆ ಮುಂದಿನ ಸಾಲಿನ್ಯಾಗ ಸೋಫಾ ಐತೇನೊ ಕೇಳೂಣು."

ಹುಸೇನಸಾಬರ ಭುಜ ಕುಣಿಯಿತು. ಅವರ ನಗು ಈಗ ಭುಜದಲ್ಲಿದೆ. ಅವರ ಹೆಂಡತಿ ಕುಲಸುಮಬಿ ನಗಲಿಲ್ಲ. ನಿಮ್ಮ ನಿರೂಪಕಿಯ ಹತ್ತಿರ ಹೋಗಿ ಎರಡೂ ಮುಂಗೈ ಮುಂದೆ ಚಾಚಿದರು. "ನೋಡ್ರೆವ್ವಾ, ನಾ ಇನ್ನೂ ಬಳಿ ಹಾಕ್ಕೊಂಡೇನಿ. ಯಾರನ್ನ ಕೇಳಿ ಬರದ್ರಿ ಇದನ್ನ?" ಆಕೆ ಕ್ಷಮೆ ಕೇಳಿ ಚಿತ್ರವನ್ನು ಗೋಡೆಗೆ ತಿರುಗಿಸಿ ಇಟ್ಟಳು. ನಿಮ್ಮ ಇಲಾಖೆಯಿಂದ ಇದುವರೆಗೆ ನಮಗೆ ಸಿಕ್ಕ ಏಕೈಕ ನ್ಯಾಯ ಅದು.

ಹಾನಗಲ್ಲಿನಲ್ಲಿ ಯಂತ್ರ ಬಂತು. ಮೇಳದವರು ಹಿಂದಿನ ಸಾಲಿನಲ್ಲಿ, ಮಸೂತಿಯ ಮುಂದೆ ನಿಲ್ಲುವ ಕ್ರಮದಲ್ಲೇ ಕೂತಿದ್ದರು. ಹುಸೇನಸಾಬರು ಅಂಗೈಯನ್ನು ಕಿವಿಗೆ ಹಿಡಿದಿದ್ದರು. ವೇದಿಕೆಯ ಮೇಲೆ ಗಣ್ಯರು ಕುರ್ಚಿ ಹುಡುಕಿಕೊಳ್ಳುತ್ತಿರುವಾಗ ಹಿನ್ನೆಲೆಗೆಂದು ಪದ ಹಚ್ಚಿದಿರಿ. "ಹೋಗಬ್ಯಾಡೋ ಕಾಸಿಮಾ, ಅರಿಷಿಣ ಹಸಿ ಐತಿ." ಮತ್ತೆ ಅದೇ. ಮತ್ತೆ ಅದೇ. ಗಣ್ಯರು ಕೂತರು, ಪದ ನಿಂತಿತು.

"ಇದು ನಾವ ಅಲ್ಲೇನ್ರಿ," ಎಂದ ಯಲ್ಲಪ್ಪ, ದನಿ ಸಣ್ಣದು ಮಾಡಿ. "ಇದು ನನ್ನ ದನಿ. ಕಾಕಾನ ನುಡಿ ಎಲ್ಲಿ?"

ಎದ್ದು ಹೋಗಿ ಯಂತ್ರದವರನ್ನು ಕೇಳಿದೆ. ಜನಕ್ಕೆ ಉದ್ದ ಹಿಡಿಸುವುದಿಲ್ಲವೆಂದು, ಎಲ್ಲರೂ ಸೇರಿ ಜೋರಾಗಿ ಹಾಡಿದ ಭಾಗವನ್ನಷ್ಟೇ ಆರಿಸಿ ಇಟ್ಟಿದ್ದಾರಂತೆ. ಉಳಿದದ್ದು? "ಕಚೇರಿಯಲ್ಲಿ ಇರಬಹುದು ಮೇಡಂ. ಹೊಸ ಯಂತ್ರಕ್ಕೆ ಹಾಕುವಾಗ ತೆಗೆದಿರಲೂಬಹುದು. ನೋಡಬೇಕು." ಅಷ್ಟರಲ್ಲಿ ನಿಮ್ಮ ಕಾವಲುಗಾರ, ಸ್ವಾಗತ ಭಾಷಣ ನಡೆದಿದೆ ಎಂದು ನನ್ನನ್ನು ಕೂರಿಸಿದ.

ಮಾನ್ಯರೇ, ಒಬ್ಬ ಮನುಷ್ಯ ತನ್ನ ದನಿ ಕೇಳಲೆಂದು ಕುತ್ತಿಗೆಯ ತೂತಿಗೆ ಬಟ್ಟೆ ಕಟ್ಟಿಕೊಂಡು ಮೂರು ತಾಲೂಕು ಸುತ್ತಿದ. ನೀವು ಕೇಳಿಸಿದ್ದು ಅವನ ಬೆನ್ನ ಹಿಂದೆ ನಿಂತವರನ್ನು. ಬಸ್ಸಿನಲ್ಲಿ ಹುಸೇನಸಾಬರು ಕಿವಿಯಿಂದ ಕೈ ತೆಗೆದಿರಲಿಲ್ಲ. ಕುಲಸುಮಬಿ ಆ ಕೈಯನ್ನು ಹಿಡಿದು ಕೆಳಗಿಳಿಸಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಕಲ್ಲಿನ ಶಾಸನ ನಿಮಗೆ ಇಷ್ಟವಾಗುವುದು ನನಗೆ ಅರ್ಥವಾಗುತ್ತದೆ. ಅದು ಕಾರ್ಯಕ್ರಮಕ್ಕೆ ಬಂದು ಮೂರನೇ ಸಾಲಿನಲ್ಲಿ ಕೂರುವುದಿಲ್ಲ. ನನ್ನದೇನಾಯಿತು ಎಂದು ಕೇಳುವುದಿಲ್ಲ. ನಮ್ಮ ಒನಕೆ, ಬೀಸುಕಲ್ಲು, ಅವ್ವಂದಿರ ಸೀರೆ ಒಯ್ದಿರಿ, ಸುಮ್ಮನಿದ್ದೆವು. ಅವಕ್ಕೆಲ್ಲ ಇನ್ನೊಂದು ಜೋಡಿ ಮನೆಯಲ್ಲಿತ್ತು. ಈ ಪದಕ್ಕೆ ಜೋಡಿಯಿಲ್ಲ. ಕಾಪಾಡುತ್ತೇವೆಂದು ಒಯ್ದವರು ನೀವು. ಕಾಪಾಡಿದಿರಾ? ಯಾರಿಗೆ ಹಿಡಿಸುವುದಿಲ್ಲವೆಂದು ಕತ್ತರಿಸಿದಿರಿ? ನಮ್ಮನ್ನು ಕೇಳಿದ್ದಿರಾ?

ಈಗ ಸಂಜೆ ಮಸೂತಿಯ ಕಟ್ಟೆಯ ಮೇಲೆ ಮೇಳ ಸೇರುತ್ತದೆ. ಹುಸೇನಸಾಬರು ಮುಂದೆ ನಿಂತು, ತೊಡೆಗೆ ಕೈ ಬಡಿದು ತಾಳ ಕೊಟ್ಟು, ಬಾಯಿ ತೆರೆದು ನುಡಿ ಹೇಳುತ್ತಾರೆ. ಏನೂ ಕೇಳುವುದಿಲ್ಲ. ಹಿಂದಿನವರು ತಲೆ ತಗ್ಗಿಸಿ ಕಾಯುತ್ತಾರೆ. ಹುಸೇನಸಾಬರ ಕೈ ನಿಂತಾಗ ಪಲ್ಲವಿ ಎತ್ತಿಕೊಳ್ಳುತ್ತಾರೆ. ಒಂದು ನುಡಿಯೂ ಬಿಡುವುದಿಲ್ಲ ಹುಸೇನಸಾಬರು. ಮೊದಲ ಸಂಜೆ ನೋಡಿ ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಹಿರೇಕೆರೂರಿನ ನಿಮ್ಮ ಕಾರ್ಯಕ್ರಮ ಉಳಿದಿದೆ. ಅದಕ್ಕೆ ಮೊದಲು ಆ ಪದವನ್ನು ಹುಡುಕಿ. ಸಿಕ್ಕರೆ ವೇದಿಕೆಗೆ ಬೇಡ, ಹಿರೇಬೆಂಡಿಗೇರಿಗೆ ತನ್ನಿ. ಕರೆಂಟು ನಾವು ಕೊಡುತ್ತೇವೆ. ಅಳಿಸಿದ್ದರೆ, ಅಳಿಸಿದವರೇ ಬಂದು ಹುಸೇನಸಾಬರ ಎದುರು ಕೂತು ಹೇಳಲಿ. ಎರಡೂ ಆಗದಿದ್ದರೆ ನಾವು ಹಿರೇಕೆರೂರಿಗೆ ಬರುತ್ತೇವೆ. ಘೋಷಣೆ ಇರುವುದಿಲ್ಲ, ಬಾವುಟ ಇರುವುದಿಲ್ಲ. ಮೇಳ ನಿಮ್ಮ ವೇದಿಕೆ ಹತ್ತಿ, ಕಾಸಿಮನ ಮದುವೆಯ ಪದವನ್ನು ಈಗ ಹಾಡುವ ರೀತಿಯಲ್ಲೇ ಮೊದಲಿನಿಂದ ಕಡೆಯ ನುಡಿಯವರೆಗೆ ಹಾಡುತ್ತದೆ. ಹುಸೇನಸಾಬರು ಬಾಯಿ ತೆರೆದು ನಿಂತಷ್ಟು ಹೊತ್ತು, ದಯಮಾಡಿ, ನಿಮ್ಮವರ್ಯಾರೂ ಮೈಕು ಮುಟ್ಟಬಾರದು.

ಇಂತಿ,
ನಿಮ್ಮ ಸಭೆಯಲ್ಲಿ ಎದ್ದು ನಿಂತು, ನಿಮ್ಮವರಿಂದ ಕೂರಿಸಲ್ಪಟ್ಟವಳು,
ಸಮತಾ, ಹಿರೇಬೆಂಡಿಗೇರಿ