ಬೀರನ ಎಡಗಾಲು

೧೯-೧-೧೯೫೮, ಭಾನುವಾರ. ಮಡಿಕೇರಿ.

ಹಾಕಿಯಲ್ಲಿ ನನ್ನ ಹುಡುಗರು ವಿರಾಜಪೇಟೆಯವರ ಎದುರು ಸೋತರು, ಮೂರು-ಒಂದು. ಮೂರೂ ಗೋಲು ಬೀರನದ್ದೇ.

ಹೋದ ವರ್ಷ ಇದೇ ಬೀರ ಕಾಫಿ ಗಿಡದ ಬಗ್ಗಿದ ಕೊಂಬೆ ಹಿಡಿದು ನಮ್ಮ ಮೈದಾನಕ್ಕೆ ಬಂದಿದ್ದ. ನಾವು ಹುಡುಗರನ್ನು ಆರಿಸುವಾಗ ಮೊದಲು ಕೇಳುವುದು ಮನೆ ಹೆಸರು. ‘ತೋಟದ ಲೈನಿನಲ್ಲಿರೋದು’ ಅಂದ, ಕೂಲಿಯವರ ಸಾಲುಮನೆಯಲ್ಲಿ. ಸ್ಟಿಕ್ಕಿನಿಂದ ಎಡಗಾಲಿಗೆ ಬಾರಿಸಿ ಓಡಿಸಿದ್ದೆ. ವಿರಾಜಪೇಟೆಯ ಕೋಚ್, ಆ ಸುಬೇದಾರ್ ಪಳಂಗಪ್ಪ, ಹೆಸರು ಕೇಳುವುದೇ ಇಲ್ಲವಂತೆ. ಲೈನುಗಳ ಮುಂದೆ ಕೂತು ಮಕ್ಕಳ ಆಟ ನೋಡುತ್ತಾನೆ. ಚೆನ್ನಾಗಿ ಓಡುವವನ ಕೈಗೆ ಸ್ಟಿಕ್ ಕೊಡುತ್ತಾನೆ. ಅವನ ಹಲ್ಲು ಉದುರಿಸಬೇಕು!

ಎರಡನೇ ಗೋಲಿಗೆ ನನ್ನ ತಲೆ ಕೆಟ್ಟಿತು. ನಮ್ಮ ಬ್ಯಾಕ್ ಚೆಂಗಪ್ಪನಿಗೆ ಕೂಗಿದೆ: ‘ಚೆಂಡು ಬಿಡೋ, ಕಾಲಿಗೆ ಹೊಡಿ!’ ಹೊಡೆದ. ಮೂಳೆಗೆ ಬಿದ್ದ ಸದ್ದು ಗೆರೆಯಾಚೆ ನಿಂತಿದ್ದ ನನಗೂ ಕೇಳಿಸಿತು. ಬರಿಗಾಲು, ರಕ್ತ ಸುರಿಯಿತು. ಬೀರ ಬಟ್ಟೆ ಬಿಗಿದು ಎದ್ದ, ಮೂರನೆಯದನ್ನೂ ಹೊಡೆದ.

ಆಟ ಮುಗಿದ ಮೇಲೆ ಕುಂಟುತ್ತ ನನ್ನ ಹತ್ತಿರವೇ ಬಂದ. ಹೊಡೆಯಲಿಕ್ಕೇ ಬಂದನೆಂದು ಸ್ಟಿಕ್ ಎತ್ತಿದೆ.

‘ನಿಮ್ಮ ಹುಡುಗನದ್ದು ಏನೂ ಅಲ್ಲ ಸ್ವಾಮಿ,’ ಅಂದ. ‘ಅವತ್ತು ನೀವು ಹೊಡೆದದ್ದೇ ಜೋರಾಗಿತ್ತು.’

ಎತ್ತಿದ ಕೈ ಇಳಿಸಲಿಕ್ಕೆ ನನಗೆ ಆಗಲಿಲ್ಲ. ಚೆಂಗಪ್ಪನೇ ಬಂದು ಸ್ಟಿಕ್ ಕಿತ್ತುಕೊಂಡ.